ಮನೆ ಸಾಲದ ನೋಟೀಸು ಬಂದಿದೆ, ಬೆಳಗಾವಿಯಲ್ಲಿ ಯಾರ ಬಾಗಿಲು ತಟ್ಟಬೇಕು?

ಪ್ರಶ್ನೆ: ನಾವು ಬೆಳಗಾವಿಯ ವಡಗಾವಿಯವರು. ಮನೆಯಲ್ಲೇ ಎರಡು ಪವರ್‌ಲೂಮ್ ಇವೆ. 2019ರಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 12 ಲಕ್ಷ ಸಾಲ ತೆಗೆದು ಹಳೇ ಮನೆ ಕೆಡವಿ ಹೊಸದು ಕಟ್ಟಿದೆವು. ಕಂತು ತಿಂಗಳಿಗೆ 13 ಸಾವಿರದ ಮೇಲೆ. ಮನೆ ನಮ್ಮ ಮನೆಯವರ ಹೆಸರಲ್ಲಿದೆ, ಸಾಲದ ಕಾಗದಕ್ಕೆ ನನ್ನ ಸಹಿಯೂ ಇದೆ. ಅವರಿಗೆ ಲಕ್ವಾ ಹೊಡೆದ ಮೇಲೆ ಆರು ಕಂತು ನಿಂತಿವೆ. ಈಗ ಸರ್ಫೇಸಿ ಕಾಯ್ದೆ 13(2) ಅಂತ ನೋಟೀಸು ಬಂದಿದೆ. 60 ದಿನದಲ್ಲಿ 9 ಲಕ್ಷ 80 ಸಾವಿರ ಕಟ್ಟಬೇಕಂತೆ. ಓಣಿಯಲ್ಲಿ ಒಬ್ಬರು 40 ಸಾವಿರ ಮುಂಗಡ ಕೊಟ್ಟರೆ ಸೆಟಲ್‌ಮೆಂಟ್ ಮಾಡಿಸುತ್ತೇನೆ ಅನ್ನುತ್ತಾರೆ. ಮೈದುನ ಮನೆ ಮಾರಿಬಿಡಿ ಅನ್ನುತ್ತಾನೆ. ಡಿಸಿ ಸಾಹೇಬರಿಗೆ ಮನವಿ ಕೊಡಿ ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ, ಅಲ್ಲಿ ಇಂಥ ಹೊತ್ತಿಗೆ ಸರ್ಕಾರ ಒಪ್ಪಿದ ಸಲಹೆಗಾರರು ದುಡ್ಡಿಲ್ಲದೆ ಸಹಾಯ ಮಾಡುತ್ತಾರೆ ಅಂದ. ನಮ್ಮ ಊರಲ್ಲಿ ಅಂಥವರು ಇದ್ದಾರಾ? ಸೊಸೈಟಿಯಲ್ಲಿ ಬೇರೆ 2 ಲಕ್ಷ ಸಾಲ ಇದೆ. ಮೈಕ್ರೋಫೈನಾನ್ಸ್ ಸಂಘದಿಂದ ಸಾಲ ತೆಗೆದು ಇದಕ್ಕೆ ಕಟ್ಟಲಾ? ಮನೆ ಹೋದರೆ ಸರ್ಕಾರಿ ಮನೆ ಸಿಗುತ್ತದಾ?

ಉತ್ತರ: ಅಕ್ಕಾರೇ, ನಾನು ಬ್ಯಾಂಕಿನ ವಸೂಲಾತಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಥ ನೋಟೀಸುಗಳಿಗೆ ಸಹಿ ಹಾಕುವ ಮೇಜಿನ ಆ ಕಡೆ ಕೂತವನು. ಹಾಗಾಗಿ ಆ ಕಡೆಯವರು ಹೇಗೆ ಯೋಚಿಸುತ್ತಾರೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ. ಸರ್ಫೇಸಿ ಅಂದರೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ವಶಕ್ಕೆ ತಗೊಂಡು ಮಾರಿ ಸಾಲ ವಸೂಲಿ ಮಾಡಲು ಸಾಲ ಕೊಟ್ಟವರಿಗೆ ಅಧಿಕಾರ ಕೊಡುವ ಕಾಯ್ದೆ. 13(2) ಅದರ ಮೊದಲ ನೋಟೀಸು.

ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ. ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ, ಅಲ್ಲಿಯವರ ಬಾಯಲ್ಲಿ ‘ಹಡ್’, ಕೆಲವು ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ. 1968ರ ಕಾನೂನಿನಿಂದ ಬಂದ ಏರ್ಪಾಡು ಅದು. ಮನೆ ಹರಾಜಿನ ಅಂಚಿಗೆ ಬಂದವರ ಜೊತೆ ಸಲಹೆಗಾರ ಕೂತು ಆದಾಯ, ಖರ್ಚು, ಸಾಲ ಎಲ್ಲ ಲೆಕ್ಕ ಹಾಕುತ್ತಾನೆ. ಸಾಲ ಕೊಟ್ಟವರ ಜೊತೆ ಮಾತೂ ಆಡುತ್ತಾನೆ. ಈ ಸಲಹೆಗೆ ಶುಲ್ಕ ಇಲ್ಲ. ನಮ್ಮಲ್ಲಿ ಇಷ್ಟನ್ನೂ ಒಂದೇ ಸೂರಿನಡಿ ಮಾಡುವ ಕಚೇರಿ ಇಲ್ಲ. ಆದರೆ ಕೆಲಸ ಇದೆ, ನಾಲ್ಕೈದು ಕಡೆ ಹಂಚಿ ಹೋಗಿದೆ ಅಷ್ಟೇ. ಯಾವ ಕಡೆ ಹೋಗಬೇಕು ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ಸಾಲ ಕೊಟ್ಟವರು ಯಾರು, ನಿಮ್ಮ ಕೈಲಿರುವ ಕಾಗದ ಯಾವುದು. ಇದು ಗೊತ್ತಿಲ್ಲದೆ ಜನ ತಪ್ಪು ಕಚೇರಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಆದ್ದರಿಂದ ಮೊದಲು ನೋಟೀಸನ್ನು ಮೇಜಿನ ಮೇಲೆ ಹರವಿ ಪೂರ್ತಿ ಓದಿ. ಮೇಲ್ಗಡೆ ದಿನಾಂಕ ಇರುತ್ತದೆ. 60 ದಿನ ಎಣಿಸುವುದು ಆ ದಿನಾಂಕದಿಂದ, ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟ ದಿನದಿಂದಲ್ಲ ಅಂತಲೇ ಹಿಡಿದು ನಡೆಯಿರಿ. ನಡುವೆ ಎಲ್ಲೋ ಖಾತೆ ಎನ್‌ಪಿಎ (ಅಂದರೆ ಕೆಟ್ಟ ಸಾಲ) ಆದ ದಿನ ಬರೆದಿರುತ್ತಾರೆ. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಖಾತೆ ಎನ್‌ಪಿಎ ಆಗುತ್ತದೆ, ಅದಾದ ಮೇಲೇ ಈ ನೋಟೀಸು ಕೊಡಬಹುದು. ಆ ದಿನ ನಿಮ್ಮ ಲೆಕ್ಕಕ್ಕೆ ಹೊಂದುತ್ತದಾ ನೋಡಿ. ಆಮೇಲೆ ಮೊತ್ತ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು? ತಡವಾದದ್ದಕ್ಕೆ ದಂಡ ಶುಲ್ಕ ಹಾಕಬಹುದು, ಆದರೆ ಅದನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತೆಯೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಕಡೆಗೆ ಆಸ್ತಿಯ ವಿವರ. ಸಿಟಿಎಸ್ (ಸಿಟಿ ಸರ್ವೆ) ನಂಬರು, ಅಳತೆ, ಚಕ್ಕುಬಂದಿ. ಮನೆಯ ಉತಾರ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೋಲಿಸಿ. ಇಲ್ಲಿ ತಪ್ಪಿದ್ದರೆ ಆಕ್ಷೇಪಣೆಯಲ್ಲಿ ಬರೆಯಲು ಗಟ್ಟಿ ವಿಷಯ ಸಿಕ್ಕ ಹಾಗೆ.

ಇನ್ನೊಂದು ಕಾಗದ ಹುಡುಕಿ. ಮನೆ ಸಾಲ ಕೊಡುವಾಗ ಹೆಚ್ಚಿನ ಕಂಪನಿಗಳು ಜೊತೆಗೇ ಒಂದು ವಿಮೆ ತಗಲಿಸುತ್ತವೆ. ಅದರ ಪ್ರೀಮಿಯಂ ಸಾಲದ ಮೊತ್ತಕ್ಕೇ ಸೇರಿರುತ್ತದೆ, ಆದ್ದರಿಂದ ಮನೆಯವರಿಗೆ ಅದು ಇರುವುದೇ ಮರೆತುಹೋಗಿರುತ್ತದೆ. ಕೆಲವು ಪಾಲಿಸಿಗಳು ಸಾವಿಗೆ ಮಾತ್ರ. ಕೆಲವು ಗಂಭೀರ ಕಾಯಿಲೆಗೂ ಹಣ ಕೊಡುತ್ತವೆ, ಆ ಪಟ್ಟಿಯಲ್ಲಿ ಲಕ್ವಾ ಸಾಮಾನ್ಯವಾಗಿ ಇರುತ್ತದೆ. ಮೂರು ತಿಂಗಳಾದರೂ ಕೈಕಾಲು ಅಥವಾ ಮಾತು ಸರಿಯಾಗದೆ ಶಾಶ್ವತ ತೊಂದರೆ ಉಳಿದಿದೆ ಅಂತ ವೈದ್ಯರು ಬರೆದುಕೊಡಬೇಕಾಗುತ್ತದೆ. ನಿಮ್ಮ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ. ಪಾಲಿಸಿ ಕೈಲಿಲ್ಲದಿದ್ದರೆ ಸಾಲದ ಸ್ಟೇಟ್‌ಮೆಂಟಿನ ಮೊದಲ ಪುಟದಲ್ಲಿ ವಿಮೆ ಅಂತ ಹಣ ಕಡಿತವಾಗಿದೆಯಾ ನೋಡಿ. ಇದ್ದರೆ ಪಾಲಿಸಿಯ ಪ್ರತಿ ಕೊಡಿ ಅಂತ ಕಂಪನಿಗೆ ಬರೆದು ಕೇಳಿ, ಕ್ಲೇಮು ಹಾಕಿ. ವಿಮೆ ಕಂಪನಿ ಸತಾಯಿಸಿದರೆ ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ, ಅಲ್ಲಿಗೆ ದೂರು ಕೊಡಲು ಖರ್ಚಿಲ್ಲ.

ಇನ್ನು ಓಣಿಯ ಮಾತುಗಳು. ನೋಟೀಸು ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಅದು ನಡೆಯೋದಿಲ್ಲ ಅಂತ ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. ಸುಳ್ಳು. ಬಾಗಿಲಿಗೆ ಅಂಟಿಸಿ ಪೇಪರಿನಲ್ಲಿ ಹಾಕಿದರೂ ಮುಟ್ಟಿದ ಲೆಕ್ಕವೇ. ಸಿವಿಲ್ ಕೋರ್ಟಿನಲ್ಲಿ ಸ್ಟೇ ತಂದರಾಯಿತು ಅನ್ನುವುದೂ ಹಾಗೇ. ಈ ಕಾಯ್ದೆಯ 34ನೇ ಕಲಮು ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೂ ಸಾಮಾನ್ಯವಾಗಿ ‘ಡಿಆರ್‌ಟಿಗೆ ಹೋಗಿ’, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ ಅಂತಲೇ ಹೇಳುತ್ತಾರೆ.

ಡಿಸಿ ಕಚೇರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಷ್ಟ ಬಂದರೆ ಡಿಸಿಗೆ ಮನವಿ ಕೊಡುವುದು ನಮ್ಮ ಕಡೆಯವರಿಗೆ ರೂಢಿ. ಎಷ್ಟೋ ವಿಷಯದಲ್ಲಿ ಅದು ಸರಿಯೂ ಹೌದು. ಆದರೆ ಈ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಯ ಪಾತ್ರವೇ ಬೇರೆ. ಮನೆ ವಶಕ್ಕೆ ಕೊಡಿಸಿ ಅಂತ ಸಾಲ ಕೊಟ್ಟವರು 14ನೇ ಕಲಮಿನಡಿ ಅರ್ಜಿ ಹಾಕುವುದು ಅವರಿಗೇ. ಕಾಗದ ಪತ್ರ ಸರಿ ಇದ್ದರೆ ಅವರು ಆದೇಶ ಮಾಡಬೇಕು. ಸಾಲ ನ್ಯಾಯವೋ ಅನ್ಯಾಯವೋ ಅಂತ ತೂಗುವ ಅಧಿಕಾರ ಅವರಿಗಿಲ್ಲ. ಮನವಿ ಕೊಟ್ಟರೆ ನಷ್ಟವೇನೂ ಇಲ್ಲ. ಅದನ್ನೇ ನಂಬಿ 60 ದಿನ ಕಳೆದರೆ ಮಾತ್ರ ನಷ್ಟ.

ಒಂದೆರಡು ಕಂತು ಕಟ್ಟಿದರೆ ನೋಟೀಸು ತಾನಾಗಿ ರದ್ದಾಗುತ್ತದೆ ಅನ್ನುವ ನಂಬಿಕೆಯೂ ಇದೆ. ನಿಂತ ಕಂತುಗಳ ಬಾಕಿ ಪೂರ್ತಿ ತೀರುವವರೆಗೆ ಖಾತೆ ಎನ್‌ಪಿಎಯಿಂದ ಹೊರಗೆ ಬರುವುದಿಲ್ಲ ಅಂತ 2021ರಲ್ಲೇ ರಿಸರ್ವ್ ಬ್ಯಾಂಕ್ ಖಚಿತ ಮಾಡಿದೆ. ಚೂರುಚೂರು ಕಟ್ಟುವುದಿದ್ದರೆ ಮೊದಲು ಮಾತಾಡಿ, ಒಪ್ಪಂದ ಬರೆಸಿಕೊಂಡು ಕಟ್ಟಿ. ಆದರೆ ಎದೆಗೆ ಸ್ವಲ್ಪ ಧೈರ್ಯ ತುಂಬುವ ಮಾತೂ ಇದೆ. 60 ದಿನ ಮುಗಿದ ಮರುದಿನವೇ ಯಾರೂ ನಿಮ್ಮನ್ನು ಬೀದಿಗೆ ಹಾಕುವುದಿಲ್ಲ. ಮೊದಲು ಕಾಗದದ ಮೇಲಿನ ಸ್ವಾಧೀನ. ಅಂದರೆ ಬಾಗಿಲಿಗೆ ನೋಟೀಸು ಅಂಟಿಸಿ ಎರಡು ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು ಇರಬೇಕು. ಆಮೇಲೆ ಮನೆಯ ಬೆಲೆ ಕಟ್ಟಿಸಬೇಕು. ಹರಾಜಿಗೆ ಮುಂಚೆ ನಿಮಗೆ 30 ದಿನದ ನೋಟೀಸು ಕೊಡಬೇಕು. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಹಣ ಬಂದರೆ ಉಳಿದದ್ದು ನಿಮ್ಮದೇ.

ಆದರೂ ಒಂದು ಗೆರೆ ನೆನಪಿಡಿ. ಸಾಲದ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟೀಸು ಪ್ರಕಟವಾಗುವವರೆಗೆ ಮಾತ್ರ. ಮೊದಲು ಹರಾಜು ಮುಗಿಯುವವರೆಗೂ ಅವಕಾಶ ಇತ್ತು, 2016ರ ತಿದ್ದುಪಡಿ ಅದನ್ನು ಹಿಂದಕ್ಕೆ ತಂದಿತು. ಹಳೇ ಕಾನೂನನ್ನೇ ನಂಬಿಕೊಂಡು ಸಲಹೆ ಕೊಡುವವರು ಈಗಲೂ ಸಿಗುತ್ತಾರೆ.

ಈಗ ಬಾಗಿಲುಗಳ ವಿಷಯಕ್ಕೆ ಬರೋಣ. ನಿಮಗೆ ಮೊದಲನೆಯದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಚನ್ನಮ್ಮ ವೃತ್ತದ ಹತ್ತಿರ, ಡಿಸಿ ಕಚೇರಿಗೆ ಎದುರಾಗಿ ಇರುವ ಕೋರ್ಟ್ ಆವರಣದಲ್ಲಿ ವಿಚಾರಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ ಹಾಗೇ. ಸಾಲದ ಕಾಗದಕ್ಕೆ ನಿಮ್ಮ ಸಹಿ ಇರುವುದರಿಂದ ನೀವೇ ಅರ್ಜಿ ಹಾಕಬಹುದು, ನಿಮ್ಮ ಮನೆಯವರನ್ನು ಎಬ್ಬಿಸಿಕೊಂಡು ಹೋಗಬೇಕಿಲ್ಲ. ನೋಟೀಸು, ಸಾಲದ ಒಪ್ಪಂದ, ಸ್ಟೇಟ್‌ಮೆಂಟ್, ಆಸ್ಪತ್ರೆಯ ಕಾಗದ, ಆಧಾರ್ ಇವುಗಳ ಝೆರಾಕ್ಸ್ ಎರಡೆರಡು ಸೆಟ್ ಒಯ್ಯಿರಿ. ಹೋಗುವ ಮುಂಚೆ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಬಾಗಲಕೋಟೆ, ವಿಜಯಪುರದವರಿಗೂ ಅವರವರ ಜಿಲ್ಲಾ ಕೋರ್ಟಿನಲ್ಲಿ ಇದೇ ವ್ಯವಸ್ಥೆ. ತಾಲ್ಲೂಕಿನವರು ತಾಲ್ಲೂಕು ಕಾನೂನು ಸೇವಾ ಸಮಿತಿ ಕೇಳಬಹುದು.

ಅಲ್ಲಿ ಎರಡು ಕೆಲಸ ಕೇಳಿ. ಒಂದು, ನೋಟೀಸಿಗೆ ಆಕ್ಷೇಪಣೆ ಬರೆದುಕೊಡುವುದು. ನೀವು 60 ದಿನದೊಳಗೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟರೆ, ಕಂಪನಿ 15 ದಿನದಲ್ಲಿ ಕಾರಣ ಕೊಟ್ಟು ಉತ್ತರ ಕೊಡಲೇಬೇಕು. ಈ ಹಕ್ಕನ್ನು ಬಳಸುವವರು ಬಹಳ ಕಡಿಮೆ. ನನ್ನ ಅನುಭವದಲ್ಲಿ, ಇಂಥ ಕಾಗದ ಬಂದ ಫೈಲನ್ನು ಅಧಿಕಾರಿಗಳು ಬೇರೆ ಥರ ನೋಡುತ್ತಾರೆ. ‘ಇವರು ಕಟ್ಟುವ ಮನಸ್ಸಿರುವವರು, ಕಾನೂನೂ ಗೊತ್ತಿದೆ’ ಅನ್ನುವುದು ಅಲ್ಲಿ ದಾಖಲಾಗುತ್ತದೆ. ಎರಡನೆಯದು, ಕೇಸು ಆಗುವ ಮುಂಚೆಯೇ ಲೋಕ ಅದಾಲತ್‌ಗೆ ಕಂಪನಿಯನ್ನು ಕರೆಸಿ ಮಾತಾಡಿಸುವುದು. ಕೋರ್ಟ್ ಫೀ ಇಲ್ಲ. ಎರಡೂ ಕಡೆಯವರು ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿ ಇಲ್ಲ. ಆದ್ದರಿಂದ ಕಟ್ಟಲಾಗದ ಮೊತ್ತಕ್ಕೆ ಅಲ್ಲಿ ತಲೆ ಆಡಿಸಬೇಡಿ.

ಕೊರತೆಯನ್ನೂ ಹೇಳಿಬಿಡುತ್ತೇನೆ. ಪ್ಯಾನಲ್ಲಿನ ಎಲ್ಲ ವಕೀಲರಿಗೂ ಸರ್ಫೇಸಿ ಕೆಲಸ ಗೊತ್ತಿರುವುದಿಲ್ಲ. ‘ಬ್ಯಾಂಕ್ ಕೇಸು ಮಾಡಿದವರನ್ನು ಕೊಡಿ’ ಅಂತ ಬಾಯಿಬಿಟ್ಟು ಕೇಳಿ. ಮತ್ತೆ, ಲೋಕ ಅದಾಲತ್‌ಗೆ ಅರ್ಜಿ ಹಾಕಿದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ.

ಎರಡನೇ ಬಾಗಿಲು ಆರ್ಥಿಕ ಸಾಕ್ಷರತಾ ಕೇಂದ್ರ. ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿದರೆ ಎಲ್ಲಿದೆ ಅಂತ ಹೇಳುತ್ತಾರೆ. ಅಲ್ಲಿ ಕೂರುವವರು ಹೆಚ್ಚಾಗಿ ನನ್ನ ಹಾಗೆ ನಿವೃತ್ತ ಬ್ಯಾಂಕಿನವರು. ಅವರು ನಿಮ್ಮ ಪರವಾಗಿ ಕಂಪನಿಯ ಜೊತೆ ವಾದ ಮಾಡುವುದಿಲ್ಲ. ಆದರೆ ಮಗ್ಗದ ಆದಾಯ, ಔಷಧಿ ಖರ್ಚು, ಸೊಸೈಟಿ ಸಾಲ ಎಲ್ಲ ಮುಂದಿಟ್ಟರೆ ತಿಂಗಳಿಗೆ ನಿಜವಾಗಿ ಎಷ್ಟು ಕಟ್ಟಬಹುದು ಅಂತ ಒಂದು ಹಾಳೆ ಮಾಡಿಕೊಡಬಲ್ಲರು. ಆ ಹಾಳೆ ಇಲ್ಲದೆ ಕಂಪನಿಗೆ ಹೋದರೆ ‘ಸ್ವಲ್ಪ ಟೈಮ್ ಕೊಡಿ’ ಅನ್ನುವುದು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ‘ತಿಂಗಳಿಗೆ 8 ಸಾವಿರ ಕಟ್ಟುತ್ತೇನೆ, ವರ್ಷ ಬೆಳೆಸಿ ಕೊಡಿ’ ಅಂದರೆ ಆ ಕಡೆಯವರಿಗೆ ಮೇಲಿನ ಕಚೇರಿಗೆ ಬರೆಯಲು ಒಂದು ಅಂಕಿ ಸಿಗುತ್ತದೆ.

ಕಂಪನಿ ಸ್ಟೇಟ್‌ಮೆಂಟ್ ಕೊಡುತ್ತಿಲ್ಲ, ದಂಡ ತಪ್ಪಾಗಿ ಹಾಕಿದೆ ಅನ್ನುವಂಥ ದೂರಿಗೆ ಬೇರೆ ಜಾಗ. ಮೊದಲು ಕಂಪನಿಗೇ ಬರೆದು ದೂರು ಕೊಡಿ, ಪೋಚ್ (ಸ್ವೀಕೃತಿ ಚೀಟಿ) ತೆಗೆದುಕೊಳ್ಳಿ. ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ, ಹೌಸಿಂಗ್ ಫೈನಾನ್ಸ್ ಕಂಪನಿಯಾದ್ದರಿಂದ ನ್ಯಾಷನಲ್ ಹೌಸಿಂಗ್ ಬ್ಯಾಂಕ್‌ಗೆ ಅದರ ಗ್ರಿಡ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದೂರು ಹೋಗಬೇಕು. ಸಾಲ ಬ್ಯಾಂಕಿನದಾಗಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅದರ ಸಹಾಯವಾಣಿ 14448. ಇವೆರಡೂ ಹರಾಜು ನಿಲ್ಲಿಸುವ ಜಾಗಗಳಲ್ಲ. ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ. ಹಾಗೆ ಮಾಡಿದರೆ ಅದೂ ದೂರಿನ ವಿಷಯವೇ, ಬೆದರಿಕೆ ಹಾಕಿದರೆ 112.

ನಿಮ್ಮ ಸೊಸೈಟಿ ಸಾಲದ ದಾರಿಯೇ ಬೇರೆ. ಬೆಳಗಾವಿ ಕಡೆ ಓಣಿಗೊಂದು ಸೊಸೈಟಿ ಇದೆ ಅಲ್ವಾ, ಜನ ಅದನ್ನೂ ಬ್ಯಾಂಕ್ ಅಂತಲೇ ತಿಳಿಯುತ್ತಾರೆ. ಪತ್ತಿನ ಸಹಕಾರ ಸಂಘಕ್ಕೂ ಸೌಹಾರ್ದ ಸಹಕಾರಿಗೂ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇಲ್ಲ, ಸರ್ಫೇಸಿಯೂ ಇಲ್ಲ. ಸಹಕಾರಿ ಬ್ಯಾಂಕುಗಳಿಗೆ ಸರ್ಫೇಸಿ ಅನ್ವಯಿಸುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಇಂಥ ಸೊಸೈಟಿಗಳು ಬ್ಯಾಂಕಲ್ಲ. ಸೊಸೈಟಿಯ ತಕರಾರು ಸಹಕಾರ ಇಲಾಖೆಗೆ ಸೇರಿದ್ದು, ಸಹಾಯಕ ನಿಬಂಧಕರ ಕಚೇರಿಯಲ್ಲಿ ಕೇಳಬೇಕು. ನಿಮ್ಮ ಸೊಸೈಟಿಗೆ ಮಹಾರಾಷ್ಟ್ರದಲ್ಲೋ ಗೋವಾದಲ್ಲೋ ಶಾಖೆ ಇದ್ದರೆ ಅದು ಬಹುರಾಜ್ಯ ಸಂಘ ಇರಬಹುದು, ಆಗ ಅದರ ನಿಬಂಧಕರು ದಿಲ್ಲಿಯಲ್ಲಿ. ಪಾಸ್‌ಬುಕ್ಕಿನ ಮೇಲೆ ನೋಂದಣಿ ಸಂಖ್ಯೆ ಇರುತ್ತದೆ, ನೋಡಿಕೊಳ್ಳಿ.

ಈ 40 ಸಾವಿರದವರ ಬಗ್ಗೆ ನನ್ನ ಮಾತು ಖಾರವಾಗಿಯೇ ಇದೆ. ಅವರು ಮಾಡುವುದು ಓಟಿಎಸ್‌ಗೆ, ಅಂದರೆ ಒಂದೇ ಸಲಕ್ಕೆ ಕಡಿಮೆ ಮೊತ್ತ ಕಟ್ಟಿ ಸಾಲ ಮುಗಿಸುವುದಕ್ಕೆ, ಒಂದು ಅರ್ಜಿ ಬರೆಯುವುದು, ಅಷ್ಟೇ. ಅದನ್ನು ನೀವೇ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆಯಬಹುದು. ಓಟಿಎಸ್ ಸಾಲಗಾರರ ಹಕ್ಕಲ್ಲ, ಒಪ್ಪುವುದು ಬಿಡುವುದು ಸಾಲ ಕೊಟ್ಟವರ ಇಷ್ಟ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿರುವಾಗ ಇವರು ಗ್ಯಾರಂಟಿ ಎಲ್ಲಿಂದ ಕೊಡುತ್ತಾರೆ? ದುಡ್ಡು ಹೋದರೆ ಹೋಗಲಿ ಅನ್ನಬಹುದು. ಅದಕ್ಕಿಂತ ದೊಡ್ಡ ಅಪಾಯ ಅಂದರೆ ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರಿನ ಮೇಲೆ ಸಹಿ, ಮನೆಯ ಮೂಲ ಕಾಗದ. ಇವನ್ನು ಯಾರ ಕೈಗೂ ಕೊಡಬೇಡಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ನನಗೆ ಮೊದಲು ಸರಿ ಕಾಣುವುದು ಆರು ಕಂತಿನ ಬಾಕಿಯನ್ನು ಹೇಗಾದರೂ ಹೊಂದಿಸಿ, ಖಾತೆಯನ್ನು ಮೊದಲಿನಂತೆ ನಡೆಸಿಕೊಡಿ ಅಂತ ಕೇಳುವುದು. ನೋಟೀಸಿನಲ್ಲಿ 9 ಲಕ್ಷ 80 ಸಾವಿರ ಅಂತ ಬರೆದಿದ್ದರೂ ಬಾಕಿ ಕಂತು ಪೂರ್ತಿ ಬಂದರೆ ಖಾತೆ ಮುಂದುವರಿಸಲು ಎಷ್ಟೋ ಕಂಪನಿಗಳು ಒಪ್ಪುತ್ತವೆ. ಅವರಿಗೂ ಮನೆ ಬೇಕಿಲ್ಲ, ದುಡ್ಡು ಬೇಕು. 80 ಸಾವಿರದ ಆಸುಪಾಸು ಹಣ ಬಂಗಾರದ ಮೇಲೋ ನೆಂಟರಿಂದಲೋ ಹೊಂದಿದರೆ ಇದೇ ಅಗ್ಗದ ದಾರಿ. ಆದರೆ ಮುಂದಿನ ತಿಂಗಳಿಂದ ಕಂತು ಕಟ್ಟುವ ಶಕ್ತಿ ಇದ್ದರೆ ಮಾತ್ರ. ಇಲ್ಲದಿದ್ದರೆ ಇದ್ದ ಬಂಗಾರವೂ ಹೋಗಿ ಆರು ತಿಂಗಳ ಮೇಲೆ ಇದೇ ನೋಟೀಸು ಮತ್ತೆ ಬರುತ್ತದೆ. ಆ ಶಕ್ತಿ ಇಲ್ಲದಿದ್ದರೆ ಈಗಲೇ ಅವಧಿ ಬೆಳೆಸಿ ಕಂತು ಇಳಿಸಿಕೊಡಿ ಅಂತ ಕೇಳಬೇಕು. ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ಸಿಬಿಲ್‌ನಲ್ಲೂ (ಸಾಲ ಕಟ್ಟಿದ ಚರಿತ್ರೆಯ ದಾಖಲೆ) ಗುರುತು ಉಳಿಯುತ್ತದೆ.

ಮೈದುನ ಹೇಳಿದ್ದು ತೀರಾ ತಪ್ಪಲ್ಲ. ನಾವೇ ಮಾರಿದರೆ ಸಾಮಾನ್ಯವಾಗಿ ಹರಾಜಿಗಿಂತ ಒಳ್ಳೆ ಬೆಲೆ ಬರುತ್ತದೆ. ಆದರೆ ನೋಟೀಸು ಬಂದ ಮೇಲೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮಾರುವುದನ್ನು ಕಾಯ್ದೆ ತಡೆಯುತ್ತದೆ. ಗುಟ್ಟಾಗಿ ಸಂಚಕಾರ ತೆಗೆದುಕೊಂಡರೆ ಕೊಂಡವರ ಜೊತೆ ಇನ್ನೊಂದು ಜಗಳ ಗಂಟು ಬೀಳುತ್ತದೆ. ಒಪ್ಪಿಗೆ ಪತ್ರ ತಗೊಂಡು, ಪೂರ್ತಿ ಸಾಲ ತೀರಿಸಲು ಎಷ್ಟು ಅಂತ ಬರೆಸಿಕೊಂಡು, ಕೊಳ್ಳುವವರ ಹಣ ನೇರ ಸಾಲದ ಖಾತೆಗೆ ಹೋಗುವ ಹಾಗೆ ಮಾಡಿ. ಪೂರ್ತಿ ತೀರಿದ ಮೇಲೆ 30 ದಿನದಲ್ಲಿ ಮೂಲ ಕಾಗದ ವಾಪಸ್ ಕೊಡಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2023ರ ಡಿಸೆಂಬರ್‌ನಿಂದ ಇದೆ.

ಡಿಆರ್‌ಟಿ ಕಡೆಯ ದಾರಿ. ಸ್ವಾಧೀನದ ಹೆಜ್ಜೆ ಇಟ್ಟ ದಿನದಿಂದ 45 ದಿನದೊಳಗೆ ಅರ್ಜಿ ಹಾಕಬೇಕು. ಈಗ ಬಂದಿರುವ ನೋಟೀಸಿನ ಮೇಲೆ ಅಲ್ಲಿಗೆ ಹೋಗಲು ಆಗುವುದಿಲ್ಲ. ಮಂಡಳಿ ಇರುವುದು ಬೆಂಗಳೂರಿನಲ್ಲಿ, ಫೀಸು ಇದೆ, ವಕೀಲರ ಖರ್ಚು ಇದೆ. ಕಂಪನಿ ನಿಯಮ ತಪ್ಪಿದ್ದರೆ ಹೋಗಿ. ಬರೀ ಟೈಮ್ ತಳ್ಳಲು ಹೋದರೆ ಅಷ್ಟೂ ದಿನ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಮೈಕ್ರೋಫೈನಾನ್ಸ್ ಸಾಲ ತೆಗೆದು ಇದಕ್ಕೆ ಕಟ್ಟುವುದು ಬೇಡ. ಮನೆ ಸಾಲಕ್ಕಿಂತ ಅದರ ಬಡ್ಡಿ ಎಷ್ಟೋ ಜಾಸ್ತಿ, ಕಂತು ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ, ಗುಂಪಿನ ಹೆಣ್ಣುಮಕ್ಕಳೂ ಜೊತೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ಮೈಕ್ರೋಫೈನಾನ್ಸ್‌ಗೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಿಮ್ಮದು ಈಗಲೇ ದಾಟಿರಬಹುದು.

ಸರ್ಕಾರಿ ಮನೆಗೆ ಮಹಾನಗರ ಪಾಲಿಕೆಯಲ್ಲೇ ನೇರ ವಿಚಾರಿಸಿ, ಇಲ್ಲೂ ನಡುವಿನವರು ಬೇಡ. ಪಕ್ಕಾ ಮನೆ ಇರುವವರೆಗೆ ನಿಮಗೆ ಅರ್ಹತೆ ಇಲ್ಲ. ಮನೆ ಹೋದ ಮೇಲೂ ಒಂದು ತೊಡಕು ಇರಬಹುದು. 2019ರ ಸಾಲಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಬ್ಸಿಡಿ ಬಂದಿದ್ದರೆ, 2024ರಲ್ಲಿ ಶುರುವಾದ ಎರಡನೇ ಹಂತದಲ್ಲಿ ಮತ್ತೆ ಸಿಗುವುದಿಲ್ಲ. ಹಿಂದಿನ 20 ವರ್ಷದಲ್ಲಿ ಸರ್ಕಾರದ ವಸತಿ ಸಹಾಯ ಪಡೆದವರನ್ನು ಅದು ಹೊರಗಿಟ್ಟಿದೆ. ಸಬ್ಸಿಡಿ ಬಂದಿತ್ತಾ ಇಲ್ಲವಾ ಅನ್ನುವುದು ನಿಮ್ಮ ಸಾಲದ ಸ್ಟೇಟ್‌ಮೆಂಟಿನಲ್ಲೇ ಸಿಗುತ್ತದೆ. ವಿಮೆಯ ಕಡಿತ ಹುಡುಕುವಾಗ ಅದನ್ನೂ ಗುರುತು ಹಾಕಿಟ್ಟುಕೊಳ್ಳಿ.